ಗಿಟಾರ್ ಪೆಟ್ಟಿಗೆ ಇಟ್ಟುಕೊಂಡು ನೀರು ಕೇಳಿದ್ದು

ಮದುವೆ ಮನೆಯಲ್ಲಿ ಎಂದೂ ಕೆಡದ ಮೈಕು ಧರಣಿಗೆ ಬಂದ ಕೂಡಲೇ ಕೆಡುತ್ತದೆ. ಬೀದಿಗಿಳಿದು ಜಗಳ ಮಾಡುವ ನನ್ನಂಥವರಿಗೆ ಇದು ಹೊಸದಲ್ಲ. ಒಂದು ಸಲ ಕರೆಂಟು ಹೋಗುತ್ತದೆ, ಇನ್ನೊಂದು ಸಲ ವೈರು ಕಿತ್ತು ಬರುತ್ತದೆ. ಆದರೆ ಭದ್ರಾವತಿಯ ನಮ್ಮ ಬಡಾವಣೆಯವರು ನೀರಿಗಾಗಿ ಕೂತಾಗ ಆದದ್ದೇ ಬೇರೆ.

ನಾನು ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕೆಲಸ ಮಾಡುವವಳು. ಕಾನೂನು ಕಲಿತದ್ದು ಕಾಲೇಜಿನಲ್ಲಲ್ಲ, ಕಚೇರಿಗಳ ಮೆಟ್ಟಿಲ ಮೇಲೆ ಕಾದು ಕೂತು. ಹೊಳೆ ಕಣ್ಣೆದುರೇ ಹರಿಯುತ್ತದೆ, ನಮ್ಮ ನಲ್ಲಿಯಲ್ಲಿ ಬರುವುದು ಬರೀ ಗಾಳಿ. ಬಸುರಿ ಹೆಂಗಸರು ಬಿಂದಿಗೆ ಹೊತ್ತು ಲಾರಿಗಳ ನಡುವೆ ಮೈನ್ ರೋಡು ದಾಟಬೇಕು. ನೀರಿನ ಸಾಹೇಬರು ಮಾತ್ರ ಶಿವಮೊಗ್ಗದ ಮನೆಯಲ್ಲಿ ತಲೆಗೆ ಸ್ನಾನ ಮಾಡಿ ಬಂದು, "ಟ್ಯಾಂಕು ದಿನಾ ತುಂಬುತ್ತಮ್ಮ, ನೀವೇ ಟೈಮಿಗೆ ಸರಿಯಾಗಿ ಹಿಡ್ಕೊಳ್ಳಲ್ಲ" ಎನ್ನುತ್ತಿದ್ದರು. ಆ ಟ್ಯಾಂಕು ಇರುವುದು ಅವರ ಕಚೇರಿಯ ಹಿಂದೆಯೇ. ಒಂದು ಸಲ ಏಣಿ ಹತ್ತಿ ಒಳಗೆ ನೋಡಿ ಎಂದರೆ ಪುರುಸೊತ್ತಿಲ್ಲ. ನಮ್ಮ ಬೇಡಿಕೆ ಅಷ್ಟೇ ಇದ್ದದ್ದು: ಹತ್ತಿ ನೋಡಿ.

ಮೈಕ್ ಸೆಟ್ಟಿನವನು ನಮಗೆ ಬಾಡಿಗೆಗೆ ಕೊಡಲಿಲ್ಲ. ಸಾಹೇಬರ ಸಮಾರಂಭಗಳೆಲ್ಲ ಅವನವೇ, ಪಾಪ, ಅವನೂ ಬದುಕಬೇಕು. ಕೈಹಿಡಿದವರು ಕಾಗದನಗರದ ಗಿಟಾರ್ ಮೇಷ್ಟ್ರು. ಆರ್ಕೆಸ್ಟ್ರಾದಲ್ಲಿ ನುಡಿಸಿ ಹೊಟ್ಟೆ ಹೊರೆಯುವ ಮನುಷ್ಯ. ತಮ್ಮ ಗಿಟಾರಿನ ಆಂಪ್ಲಿಫೈಯರನ್ನೇ ಆಟೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತಂದರು. ದೊಡ್ಡ ಕಪ್ಪು ಪೆಟ್ಟಿಗೆ. ಒಳಗೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು, ಮುಂದೆ ಸಾಲಾಗಿ ನಾಬುಗಳು.

"ಅಕ್ಕಾ, ಇದು ಭಾಷಣಕ್ಕೆ ಮಾಡಿದ್ದಲ್ಲ. ವಾಲ್ವ್ ಸುಟ್ಟರೆ ನನ್ನ ಅನ್ನ ಹೋಯ್ತು. ನಾನು ಹೇಳಿದ ಮೇಲೆ ಮುಟ್ಟಿ" ಎಂದರು.

ಹೇಳಿಸಿಕೊಂಡು ಮುಟ್ಟುವ ಜಾತಿಯವಳಾಗಿದ್ದರೆ ನಾನು ಧರಣಿಗೆ ಯಾಕೆ ಬರುತ್ತಿದ್ದೆ?

೧. ಎರಡನೇ ಸ್ವಿಚ್ಚು

ಮೊದಲ ದಿನ ಕಚೇರಿಯ ಗೇಟಿನ ಮುಂದೆ ಪೆಂಡಾಲು. ಮೇಷ್ಟ್ರು ಮೈಕಿನ ವೈರು ಸಿಕ್ಕಿಸಿ, "ಇರಿ, ಟೀ ಕುಡಿದು ಬಂದು ಹಾಕ್ತೀನಿ" ಎಂದು ಹೋದರು. ಹಾಕುವುದೇನು ಮಹಾ? ಒಂದು ಸ್ವಿಚ್ಚು ಒತ್ತಿದೆ. ಕೆಂಪು ದೀಪ ಹತ್ತಿತು. ಪಕ್ಕದಲ್ಲಿ ಇನ್ನೊಂದು ಸ್ವಿಚ್ಚಿತ್ತು, ಅದರ ಕಡೆ ನೋಡಲಿಲ್ಲ.

ಪೆಟ್ಟಿಗೆಯ ಮುಖ ಕಚೇರಿಯ ಕಡೆಗಿದ್ದದ್ದರಿಂದ ಸದ್ದೆಲ್ಲ ಅತ್ತಲೇ ಹೋಗುತ್ತಿದೆ ಎಂದುಕೊಂಡೆ. ಜನ್ಮದಲ್ಲಿ ಮೊದಲ ಸಲ ಸಮಾಧಾನದಿಂದ ಮಾತಾಡಿದೆ. "ಮಾನ್ಯರೇ" ಎಂದೆ. "ದಯವಿಟ್ಟು" ಎಂದೆ. ಸಾಹೇಬರ ಕಿಟಕಿಯಲ್ಲಿ ಒಂದು ನರಪಿಳ್ಳೆಯೂ ಕದಲಲಿಲ್ಲ. ನನ್ನ ತಲೆ ಕೆಟ್ಟಿತು. ಅದೇ ಹೊತ್ತಿಗೆ ಮೇಷ್ಟ್ರು ಬಂದು, "ಅಯ್ಯೋ, ಇದನ್ನ ಹಾಕದಿದ್ರೆ ವಾಲ್ವ್ ಬರೀ ಕಾಯುತ್ತೆ ಅಕ್ಕಾ, ಮಾತಾಡಲ್ಲ" ಎಂದು ಎರಡನೇ ಸ್ವಿಚ್ಚು ಒತ್ತಿದರು.

ಸರಿಯಾಗಿ ಆ ಕ್ಷಣಕ್ಕೆ ನನ್ನ ಬಾಯಿಂದ, "ನೀರು ಬಿಡದಿದ್ರೆ ನಾನೇ ಟ್ಯಾಂಕಿನೊಳಗೆ ಇಳಿದು ಕೂರ್ತೀನಿ!" ಎಂಬ ಮಾತು ಬಂತು. ಬಸ್ ಸ್ಟಾಪಿನವರೆಗೂ ಕೇಳಿಸಿತು. ಸಾಹೇಬರ ಕಿಟಕಿ ಪಟಾರನೆ ಮುಚ್ಚಿಕೊಂಡಿತು.

ಅಷ್ಟೊತ್ತು ಹೇಳಿದ "ದಯವಿಟ್ಟು" ಇವತ್ತಿಗೂ ಆ ಪೆಟ್ಟಿಗೆಯೊಳಗೇ ಇದೆ.

೨. ನಾಬುಗಳಿಗೆ ಸಮಾನತೆ

ಮಾರನೇ ದಿನ ನಾಬುಗಳನ್ನು ಹತ್ತಿರದಿಂದ ನೋಡಿದೆ. ಮೇಷ್ಟ್ರು ಒಂದನ್ನು ಎರಡಕ್ಕೆ ಇಟ್ಟಿದ್ದಾರೆ, ಪಕ್ಕದ್ದನ್ನು ಏಳಕ್ಕೆ, ಮೂರನೆಯದನ್ನು ಐದಕ್ಕೆ. ಒಂದೇ ಪೆಟ್ಟಿಗೆಯಲ್ಲಿ ಹುಟ್ಟಿದವುಗಳಿಗೆ ಇದೇನು ತಾರತಮ್ಯ? ಮೂರನ್ನೂ ಹತ್ತಕ್ಕೆ ತಿರುಗಿಸಿದೆ. ಹಾಗೆ ತಿರುಗಿಸುವಾಗ ಕೈ ತಾಗಿ ಪಕ್ಕದ ಗುಂಡಿ ಒತ್ತಿಹೋಗಿ, ಪೆಟ್ಟಿಗೆ ಮೆದು ದನಿಯ ಚಾನೆಲ್ಲಿನಿಂದ ಗರ್ಜಿಸುವ ಚಾನೆಲ್ಲಿಗೆ ಹೋದದ್ದು ನನಗೆ ಗೊತ್ತಾಗಲಿಲ್ಲ.

"ಬಂಧುಗಳೇ" ಎಂದೆ. ಪೆಟ್ಟಿಗೆಯಿಂದ ಬಂದದ್ದು ನನ್ನ ದನಿಯಲ್ಲ. ಕಬ್ಬಿಣದ ಶೀಟು ಎಳೆದಂತೆ ಗರಗರ, ಅದರ ಹಿಂದೆ ಕಿವಿ ತೂತಾಗುವ ಕೂಗು. ಬೀದಿ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ಮುಂದಿನ ಸಾಲಿನಲ್ಲಿ ಖಾಲಿ ಕೊಡ ಮಗುಚಿ ಕೂತಿದ್ದ ನಮ್ಮ ಬೀದಿಯ ಅಜ್ಜಿ ಎದ್ದು ನಿಂತು, "ಬೇವಿನ ಸೊಪ್ಪು ತನ್ರೇ, ಇವಳ ಮೈಮೇಲೆ ಬಂದಿದೆ!" ಎಂದು ಕೂಗಿತು.

ಮೇಷ್ಟ್ರು ಗಾಬರಿಗೆ ತಮ್ಮ ಮನೆಮಾತು ತಮಿಳಿನಲ್ಲಿ "ಐಯೋ ಕಡವುಳೇ" ಎಂದು ದೇವರನ್ನು ಕರೆಯುತ್ತ ಓಡಿ ಬಂದು ಎಲ್ಲ ಇಳಿಸಿದರು. ಪೆಟ್ಟಿಗೆಯ ಹಿಂದೆ ಬಗ್ಗಿ, ವಾಲ್ವುಗಳು ಉರಿಯುತ್ತಿವೆಯೇ ಎಂದು ನೋಡಿ ಉಸಿರು ಬಿಟ್ಟರು. ಆಮೇಲೆ ನನಗೆ ಪಾಠ: "ನೋಡಿ ಅಕ್ಕಾ, ಈ ಗೇನ್ ಅನ್ನೋದು ಒಳಗಿನ ಸಿಟ್ಟು. ಈ ಮಾಸ್ಟರ್ ಅನ್ನೋದು ಹೊರಗಿನ ಗಂಟಲು. ಸಿಟ್ಟು ಕಮ್ಮಿ ಇಟ್ಟು ಗಂಟಲು ಜಾಸ್ತಿ ಇಟ್ಟರೆ ಮಾತು ಜನಕ್ಕೆ ತಿಳಿಯುತ್ತೆ."

ಇಷ್ಟು ವರ್ಷದ ಹೋರಾಟದಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವರ ಮೇಲೂ ಧರಣಿ ಕೂರುತ್ತಿದ್ದೆ.

೩. ಕಾಲು

ಆ ಗಲಾಟೆಯಿಂದ ಪೊಲೀಸಿನವರು ನಮ್ಮನ್ನು ಗೇಟಿನಿಂದ ಎಬ್ಬಿಸಿ ಕಚೇರಿಯ ಹಿಂದಕ್ಕೆ, ಟ್ಯಾಂಕಿನ ಪಕ್ಕದ ಗೋಡೆಯಾಚೆಗೆ ಕಳಿಸಿದರು. ಅಲ್ಲಿ ನಾವು ಯಾರಿಗೂ ಕಾಣುವುದಿಲ್ಲ. ಬೇಕಾದದ್ದೂ ಅವರಿಗೆ ಅದೇ.

ಈ ಸಲ ನಾಬುಗಳಿಗೆ ಕೈ ಹಚ್ಚಲಿಲ್ಲ. ಆದರೆ ಚಾನೆಲ್ ಬದಲಿಸಲು ಗಿಟಾರಿನವರು ಕಾಲಲ್ಲಿ ಒತ್ತುವ ಸ್ವಿಚ್ಚೊಂದು ನೆಲದ ಮೇಲಿತ್ತು. ನನಗೋ ಸಿಟ್ಟು ಬಂದಾಗ ನೆಲಕ್ಕೆ ಕಾಲು ಅಪ್ಪಳಿಸುವ ಅಭ್ಯಾಸ. "ಈ ಸಾಹೇಬರು" ಎಂದು ಮೆತ್ತಗೆ ಶುರು ಮಾಡಿ ಕಾಲು ಅಪ್ಪಳಿಸಿದರೆ, "ಏನಂದ್ಕೊಂಡಿದ್ದಾರೆ" ಎಂಬುದು ರಾಕ್ಷಸನ ದನಿಯಲ್ಲಿ ಬರುತ್ತಿತ್ತು. ಮತ್ತೆ ಅಪ್ಪಳಿಸಿದರೆ ಮತ್ತೆ ಮೆತ್ತಗೆ. ಅಜ್ಜಿ ಪಕ್ಕದವಳಿಗೆ, "ಅತ್ತೆ ಸೊಸೆ ಇಬ್ಬರ ಪಾರ್ಟೂ ಇವಳೇ ಮಾಡ್ತಾಳೆ ನೋಡು" ಎಂದಿತು. ಜನ ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ಮರ್ಯಾದೆ ಮರೆತು ಕೈಮುಗಿದರು. "ಸಿಟ್ಟು ಬಂದ್ರೆ ಕೈ ಎತ್ತು ಮಾರಾಯ್ತಿ, ಕಾಲು ಎತ್ತಬೇಡ!"

೪. ಟ್ಯಾಂಕಿನೊಳಗಿನ ಹೆಂಗಸು

ಆಮೇಲಿನ ದಿನ ಜನ ಕರಗಿದ್ದರು. ಎಷ್ಟು ದಿನ ಕೂಲಿ ಬಿಟ್ಟು ಕೂರುತ್ತಾರೆ? ಅಜ್ಜಿ ಇತ್ತು, ಕೆಲವು ಹೆಂಗಸರಿದ್ದರು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಇಂದು ಎದ್ದರೆ ಇನ್ನು ಯಾರೂ ಬರುವುದಿಲ್ಲ ಎಂಬ ಭಯ.

ಮೇಷ್ಟ್ರು ಮುಟ್ಟಬೇಡಿ ಎನ್ನದ ನಾಬು ಒಂದೇ ಉಳಿದಿತ್ತು, ರಿವರ್ಬ್ ಅಂತೆ, ದನಿಗೆ ಮಾರ್ದನಿ ಕೂಡಿಸುವಂಥದ್ದು. ಕಟ್ಟಿದ ಗಂಟಲಿಗೆ ಸ್ವಲ್ಪ ಬಲ ಬರಲಿ ಎಂದು ಅದನ್ನು ಕೊನೆವರೆಗೆ ತಿರುಗಿಸಿ ಮೆಲ್ಲಗೆ ಅಂದೆ: "ಸಾಹೇಬ್ರೇ... ಇಲ್ಲಿ ಒಂದು ಹನಿ ನೀರಿಲ್ಲ... ಬಂದು ನೋಡಿ..."

ಆಳದ ಬಾವಿಯಿಂದ ಬಂದಂತೆ ದನಿ ಗುಂಯ್‌ಗುಟ್ಟಿತು.

ಮುಚ್ಚಿದ ಕಿಟಕಿಯ ಹಿಂದಿದ್ದ ಸಾಹೇಬರಿಗೆ ಅದು ಟ್ಯಾಂಕಿನೊಳಗಿಂದಲೇ ಬಂದಂತೆ ಕೇಳಿ, ಮೊದಲ ದಿನದ ನನ್ನ ಬೆದರಿಕೆ ನೆನಪಾಗಿರಬೇಕು. ಹಿಂಬಾಗಿಲಿಂದ ಹೊರಗೋಡಿ ಬಂದರು. ಹಿಂದೆ ವಾಚ್‌ಮನ್, ಹೆಗಲ ಮೇಲೆ ಹಗ್ಗ. ನಾವು ಗೋಡೆಯಾಚೆ ಇರುವುದನ್ನೂ ನೋಡದೆ ದಡದಡ ಟ್ಯಾಂಕಿನ ಏಣಿ ಹತ್ತಿದರು. ಮೇಲೆ ಹೋಗಿ ಟ್ಯಾಂಕಿನ ಬಾಯೊಳಗೆ ತಲೆ ಹಾಕಿ, "ಅಮ್ಮಾ, ಹೊರಗೆ ಬನ್ನಿ! ನೀರು ಬಿಡಿಸ್ತೀನಿ! ಇವತ್ತೇ ಬಿಡಿಸ್ತೀನಿ!" ಎಂದು ಕೂಗಿದರು.

ನನಗೆ ಪಾಪ ಅನ್ನಿಸಿತು. ಮನುಷ್ಯ ನಿಜಕ್ಕೂ ಹೆದರಿದ್ದರು. ಮೈಕಿನಲ್ಲಿಯೇ ಹೇಳಿದೆ: "ಸಾಹೇಬ್ರೇ, ನಾನು ಇಲ್ಲಿದೀನಿ..."

ದನಿ ಮತ್ತೆ ಗುಂಯ್‌ಗುಟ್ಟಿತು. ಸಾಹೇಬರು ಸೊಂಟದವರೆಗೆ ಒಳಗೆ ಬಗ್ಗಿದರು. "ಎಲ್ಲಿ ತಾಯಿ? ಕಾಣ್ತಾನೇ ಇಲ್ಲ!"

ವಾಚ್‌ಮನ್ ಅವರ ಬೆಲ್ಟು ಹಿಡಿದುಕೊಂಡು ಒಳಗೆ ಟಾರ್ಚ್ ಬೆಳಕು ಬಿಟ್ಟ. "ಸಾರ್, ಹೆಂಗಸೂ ಇಲ್ಲ, ನೀರೂ ಇಲ್ಲ. ಒಂದು ಹಲ್ಲಿ ಇದೆ."

ಸಾಹೇಬರು ಟಾರ್ಚ್ ಕಿತ್ತುಕೊಂಡು ತಾವೇ ಮೂಲೆ ಮೂಲೆ ನೋಡಿದರು. ಇಳಿದು ಬಂದಾಗ ಅಂಗಿಯೆಲ್ಲ ಒಣ ಧೂಳು. ಗೋಡೆಯ ಮೇಲಿಂದ ನಾವೆಲ್ಲ ನೋಡುತ್ತಿದ್ದೆವು. "ಪೂರ್ತಿ ಒಣಗಿದೆಯಲ್ಲಮ್ಮ" ಎಂದರು, ಆ ಸುದ್ದಿ ಅವರೇ ನಮಗೆ ತಂದವರಂತೆ. ಸಂಜೆಯೊಳಗೆ ಪೈಪಿನವರು ಬಂದರು. ಮಾರನೇ ಬೆಳಿಗ್ಗೆ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಯಿತು.

ಮೇಷ್ಟ್ರು ಪೆಟ್ಟಿಗೆ ಒಯ್ಯಲು ಬಂದು ಆ ರಿವರ್ಬ್ ನಾಬನ್ನು ಸೊನ್ನೆಗೆ ತಿರುಗಿಸಲು ಹೋದರು. ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಅಜ್ಜಿ ಅವರ ಕೈ ಹಿಡಿಯಿತು.

"ಅದನ್ನ ಹಾಗೇ ಬಿಡಪ್ಪ. ಚರಂಡಿದು ಇನ್ನೂ ಬಾಕಿ ಇದೆ, ಸಾಹೇಬ್ರು ಅದರೊಳಗೂ ಒಂದ್ಸಲ ಇಣುಕಲಿ."