ಮಳವಳ್ಳಿ ಮಾರ್ಗವಾಗಿ ಸಮುದ್ರಕ್ಕೆ

ಮಂಡ್ಯದ ಗುತ್ತಲು ಬಡಾವಣೆಯ ಜವರಯ್ಯನವರ ಕುಟುಂಬವು ಚಳಿಗಾಲದ ದೀರ್ಘ ಪ್ರವಾಸ ಕೈಗೊಂಡು, ಸಮುದ್ರವನ್ನು ಯಶಸ್ವಿಯಾಗಿ ನೋಡಿ ಬಂದಿರುತ್ತದೆ. ಸಮುದ್ರ ಇರುವುದು ಪಶ್ಚಿಮಕ್ಕೆ, ಇವರು ಹೋದದ್ದು ಪೂರ್ವಕ್ಕೆ ಎಂದು ಕೆಲವರು ಆಡಿಕೊಳ್ಳುತ್ತಿರುವುದರಿಂದ, ನಡೆದದ್ದನ್ನು ನಡೆದಂತೆ ತಿಳಿಸುವುದು ಸೂಕ್ತವೆನಿಸಿದೆ.

ಜವರಯ್ಯನವರು ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕರಾಗಿ ನಿವೃತ್ತರಾದವರು. ಅವರ ಮೇಜಿನಿಂದ ಒಂದು ಕಡತವೂ ತಪ್ಪು ದಾರಿ ಹಿಡಿದು ಹೋದದ್ದಿಲ್ಲ, ಏಕೆಂದರೆ ಯಾವ ಕಡತವೂ ಹೋದದ್ದಿಲ್ಲ. ಅವರ ತಾಯಿ ಬೆಟ್ಟಮ್ಮನವರಿಗೆ ಎಂಬತ್ತು ದಾಟಿದೆ. ಡಿಸೆಂಬರಿನ ಚಳಿಯಲ್ಲಿ ಒಂದು ಬೆಳಗ್ಗೆ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ ಆಕೆ, ಸಾಯುವುದರೊಳಗೆ ಒಂದು ಸಲ ಸಮುದ್ರ ನೋಡಬೇಕು ಎಂದರು. ಅಲ್ಲಿಯವರೆಗೆ ಆಕೆ ತನಗಾಗಿ ಏನನ್ನೂ ಕೇಳಿದವರಲ್ಲ. ಜವರಯ್ಯನವರು ಕೂಡಲೇ ಒಂದು ಸಮಿತಿ ರಚಿಸಿದರು.

ಅವರ ಮಗ ರಘುನಂದನ್ ಬ್ಯಾಂಕಿನಲ್ಲಿ ಕೆಲಸದಲ್ಲಿರುವವನು. ಅವನು ಫೋನು ತೆಗೆದು, ಹಾಸನ, ಸಕಲೇಶಪುರದ ಮೇಲೆ ಹೋದರೆ ಬೆಳಗ್ಗೆ ಹೊರಟವರು ಸಂಜೆಗೆ ಮಲ್ಪೆಯ ಮರಳಿನ ಮೇಲೆ ಕೂತಿರಬಹುದು ಎಂದು ತೋರಿಸಿದ. ಜವರಯ್ಯನವರು ಕನ್ನಡಕ ಹಾಕಿಕೊಂಡು ನೋಡಿದರು. ಯಾರ ಅಭಿಪ್ರಾಯವನ್ನೂ ಕೇಳದೆ ಎಳೆದಿರುವ ದಾರಿ ಇದು, ಇಷ್ಟು ನೆಟ್ಟಗಿರುವುದೇ ಅದಕ್ಕೆ ಸಾಕ್ಷಿ ಎಂದರು. ಪ್ರವಾಸಕ್ಕೆ ಮದ್ದೂರಿನಲ್ಲಿದ್ದ ಮಗಳೂ ಅಳಿಯನೂ, ಮಳವಳ್ಳಿಯಲ್ಲಿದ್ದ ಅಕ್ಕ ದೇವಿರಮ್ಮನವರೂ ಬರುವವರಿದ್ದರು. ಆದ್ದರಿಂದ ಫ್ರಿಜ್ಜಿನ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿ, ಅದರ ಫೋಟೋವನ್ನು ಎರಡೂ ಊರಿಗೆ ವಾಟ್ಸಾಪ್ ಮಾಡಲಾಯಿತು.

“ಸಮಸ್ತ ಬಂಧುಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಶ್ರೀಮತಿ ಬೆಟ್ಟಮ್ಮನವರಿಗೆ ಸಮುದ್ರ ತೋರಿಸುವ ಸಂಬಂಧ ಮಾರ್ಗ ನಿಗದಿಪಡಿಸಬೇಕಾಗಿದ್ದು, ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು. ಆಕ್ಷೇಪಣೆ ಇಲ್ಲದವರು, ಏಕೆ ಇಲ್ಲ ಎಂಬುದಕ್ಕೆ ಕಾರಣ ನೀಡತಕ್ಕದ್ದು.”

ಕಾರಣ ನೀಡುವುದಕ್ಕಿಂತ ಆಕ್ಷೇಪಣೆ ಸುಲಭವಾದ್ದರಿಂದ ಎರಡೂ ಕಡೆಯಿಂದ ಆಕ್ಷೇಪಣೆಯೇ ಬಂತು. ಅಳಿಯ ಶಿವರಾಮುವಿಗೆ ಮದ್ದೂರಿನ ಹಳೇ ರಸ್ತೆಯಲ್ಲಿ ಹೋಟೆಲಿದೆ. ಹೊಸ ಹೆದ್ದಾರಿ ಊರಾಚೆಯಿಂದ ಹೋದ ಮೇಲೆ ಅಲ್ಲಿ ಈಗ ಕುರ್ಚಿಗಳಷ್ಟೇ ಕೂತಿರುತ್ತವೆ. ಆತ ಹೋಟೆಲಿನ ಮಾತೆತ್ತಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ವಡೆ ಕಾಫಿ ಮುಗಿಸದೆ ಸಮುದ್ರಕ್ಕೆ ಹೋದರೆ ನೋಡಿದವರು ಏನಂದುಕೊಂಡಾರು ಎಂದು ಮಾತ್ರ ಕೇಳಿದ. ದೇವಿರಮ್ಮನವರಿಗೆ ಸಂಕ್ರಾಂತಿ ಕಳೆದ ಮೇಲೆ ಹೊಸ ಮನೆಯ ಗೃಹಪ್ರವೇಶವಿತ್ತು, ಊರೂರಿಗೆ ಕರೆಯೋಲೆ ಹಂಚಬೇಕಿತ್ತು, ಹಂಚಲು ಗಾಡಿಯಿರಲಿಲ್ಲ. ಅವರೂ ಗೃಹಪ್ರವೇಶದ ಮಾತೆತ್ತಲಿಲ್ಲ. ಹಿರಿಯಕ್ಕನ ಹೊಸಿಲಿನಿಂದ ಹೊರಡದ ಪ್ರವಾಸ ಪ್ರವಾಸವೇ ಅಲ್ಲ ಎಂದು ಫೋನಿನಲ್ಲಿ ಅತ್ತರು.

ಸಮಿತಿ ಎಲ್ಲವನ್ನೂ ಪರಿಶೀಲಿಸಿ, ಮಂಡ್ಯದಿಂದ ಮದ್ದೂರು, ಅಲ್ಲಿಂದ ಮಳವಳ್ಳಿ, ಬನ್ನೂರು, ಮೈಸೂರು, ಮಡಿಕೇರಿ, ಕೊನೆಗೆ ಸಮುದ್ರ ಎಂದು ತೀರ್ಮಾನಿಸಿತು. ಸೊಸೆ ನಯನ ಮಾತ್ರ ಬಾಗಿಲಲ್ಲಿ ನಿಂತು ಕೇಳಿದಳು.

“ಮಾವ, ಸಮುದ್ರ ಇರೋದು ಆ ಕಡೆ ಅಲ್ವಾ?”

“ಅದು ಭೌಗೋಳಿಕ ಆಕ್ಷೇಪಣೆ ಕಣಮ್ಮ,” ಎಂದರು ಜವರಯ್ಯನವರು. “ಅದುನ್ನ ಕೊನೆಗೆ ತಕ್ಕಳಾಣ.”

ಯಲಿಯೂರಿನ ಅಶೋಕನ ಟೆಂಪೋ ಟ್ರಾವೆಲರ್ ಬಾಡಿಗೆಗೆ ಬಂತು. ಬೆಟ್ಟಮ್ಮನವರು ಹೊಸ ಸೀರೆಯುಟ್ಟು, ಸಮುದ್ರಕ್ಕೆ ಬಿಡಲು ಅರಿಶಿನ ಕುಂಕುಮ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮದ್ದೂರಿನಲ್ಲಿ ಶಿವರಾಮು ಎಲ್ಲರನ್ನೂ ರಸ್ತೆಗೆ ಕಾಣುವ ಮೇಜುಗಳಲ್ಲೇ ಕೂರಿಸಿದ. ಜನ ಕೂತಿದ್ದರೆ ಜನ ಬರುತ್ತಾರೆ ಎಂಬುದು ಆ ವ್ಯಾಪಾರದ ನಿಯಮ. ತಿಂದಾದ ಮೇಲೆ ಎಲ್ಲರೂ ಸ್ವೆಟರ್ ಬದಲಿಸಿಕೊಂಡು ಬೇರೆ ಮೇಜಿಗೆ ಹೋಗಬೇಕೆಂದು ಕೋರಿದ. ಕೋರಿಕೆಯಲ್ಲಿ ನಿಯಮಬಾಹಿರವಾದದ್ದೇನೂ ಕಾಣದ್ದರಿಂದ ಜವರಯ್ಯನವರು ಒಪ್ಪಿದರು. ಸಂಜೆಯ ಹೊತ್ತಿಗೆ ನಿಜವಾದ ಗಿರಾಕಿಗಳೂ ಬಂದು, ಜಾಗ ಸಿಗದೆ ವಾಪಸು ಹೋದರು. ಶಿವರಾಮುವಿಗೆ ಅಂಥ ದಿನ ಬಂದು ವರ್ಷಗಳಾಗಿತ್ತು. ಆ ಸಂತೋಷಕ್ಕೆ ರಾತ್ರಿ ಅಲ್ಲೇ ತಂಗಬೇಕಾಯಿತು.

ಮಳವಳ್ಳಿ ತಲುಪಿದ ಮೇಲೆ ಟೆಂಪೋದ ಹಿಂದಿನ ಸೀಟಿಗೆ ಕರೆಯೋಲೆಯ ಕಟ್ಟುಗಳು ಹತ್ತಿದವು. ಹೇಗೂ ಹೋಗುವ ದಾರಿ ಎಂದರು ದೇವಿರಮ್ಮನವರು. ಬನ್ನೂರಿಗೆ ಹೋಗುವ ದಾರಿಯ ಎಡಕ್ಕೂ ಬಲಕ್ಕೂ ಇರುವ ಹಳ್ಳಿಗಳೆಲ್ಲ ಹೋಗುವ ದಾರಿಯೇ ಆದವು. ಎಂಬತ್ತು ದಾಟಿದ ಹೆಂಗಸು ಗಾಡಿಯಿಳಿದು ಹೊಸಿಲಿಗೆ ಬಂದು ಕರೆದರೆ ಯಾರೂ ಬರುವುದಿಲ್ಲ ಎನ್ನಲಾರರಾದ್ದರಿಂದ, ಪ್ರತಿ ಮನೆಗೂ ಬೆಟ್ಟಮ್ಮನವರನ್ನೇ ಇಳಿಸಲಾಯಿತು. ಸಮುದ್ರಕ್ಕೆಂದು ತಂದ ಕುಂಕುಮ ಕರೆಯುವ ಕೆಲಸಕ್ಕೆ ಖರ್ಚಾಯಿತು. ರಾತ್ರಿಗೆ ಎಲ್ಲರೂ ಮಳವಳ್ಳಿಗೇ ಬಂದು ಮಲಗುತ್ತಿದ್ದರು.

ಇತ್ತ ಶಿವರಾಮು, ಮಳವಳ್ಳಿಗೆ ಹೆಚ್ಚು ರಾತ್ರಿ, ಮದ್ದೂರಿಗೆ ಕಡಿಮೆ ರಾತ್ರಿ ಕೊಟ್ಟಿರುವುದು ತಾರತಮ್ಯವೆಂದು ದೂರಿದ. ಸಮಾನತೆಯ ದೃಷ್ಟಿಯಿಂದ ಟೆಂಪೋ ಮದ್ದೂರಿಗೆ ಹಿಂದಿರುಗಿತು. ಎಲ್ಲರೂ ಮತ್ತೆ ಸ್ವೆಟರ್ ಬದಲಿಸಿದರು. ಮದ್ದೂರಿಗೆ ಎರಡನೆಯ ಸಲ ಹೋದದ್ದು ತಿಳಿದು ಮಳವಳ್ಳಿಯಲ್ಲಿ ಅಳು ಶುರುವಾಯಿತು. ಟೆಂಪೋ ಮಳವಳ್ಳಿಗೆ ಬಂತು. ಹೀಗೆ ಪ್ರವಾಸವು ಎಲ್ಲಿಯೂ ನಿಲ್ಲದೆ ಪ್ರಗತಿಯಲ್ಲಿತ್ತು. ಅಶೋಕ ಮಾತ್ರ, ತಾನು ಸ್ಟೇರಿಂಗು ಬಿಟ್ಟರೂ ಗಾಡಿ ತಾನೇ ಹೋಗಿ ಬರುತ್ತದೆಂದು ನಯನಳ ಹತ್ತಿರ ಹೇಳಿದ.

ಬೆಟ್ಟಮ್ಮನವರು ದಿನಾ ಬೆಳಗ್ಗೆ ಗಾಡಿ ಹತ್ತುವಾಗ, ಇವತ್ತು ಸಮುದ್ರವಾ ಎಂದು ಕೇಳುತ್ತಿದ್ದರು. ಪರಿಶೀಲನೆಯಲ್ಲಿದೆ ಎಂದು ಮಗ ಉತ್ತರಿಸುತ್ತಿದ್ದರು. ಒಂದು ಬೆಳಗ್ಗೆ ಆಕೆ ಕೇಳಲಿಲ್ಲ. ಸುಮ್ಮನೆ ಹತ್ತಿ ಕೂತು ಸೆರಗು ಹೊದ್ದುಕೊಂಡರು. ಜವರಯ್ಯನವರು ಆ ದಿನ ತಿಂಡಿಯ ತಟ್ಟೆಯನ್ನು ಹಾಗೇ ಬಿಟ್ಟೆದ್ದರು. ರಘುನಂದನನ ರಜೆಯೂ ಮುಗಿಯುತ್ತ ಬಂದಿತ್ತು. ಮಳವಳ್ಳಿಯ ಪೆಟ್ರೋಲ್ ಬಂಕಿನಲ್ಲಿ, ಟೆಂಪೋದೊಳಗೇ ತುರ್ತು ಸಭೆ ಸೇರಿ ಈ ಕೆಳಕಂಡ ಆದೇಶ ಹೊರಡಿಸಲಾಯಿತು.

“ಶಿವನಸಮುದ್ರವು ಮಳವಳ್ಳಿ ತಾಲ್ಲೂಕಿನಲ್ಲೇ ಇರುವುದರಿಂದಲೂ, ಅದರ ಹೆಸರಿನಲ್ಲಿ ಸಮುದ್ರವು ಸ್ಪಷ್ಟವಾಗಿ ನಮೂದಾಗಿರುವುದರಿಂದಲೂ, ಮಲ್ಪೆಯ ಹೆಸರಿನಲ್ಲಿ ಅಂಥ ಯಾವುದೇ ನಮೂದು ಕಂಡುಬಾರದಿರುವುದರಿಂದಲೂ, ಸದರಿ ಸ್ಥಳವನ್ನು ಸಮುದ್ರವೆಂದು ಪರಿಗಣಿಸಿ ಆದೇಶಿಸಿದೆ.”

ಚಳಿಗಾಲವಾದ್ದರಿಂದ ಅಲ್ಲಿನ ಗಗನಚುಕ್ಕಿ ಜಲಪಾತದಲ್ಲಿ ನೀರು ಅಷ್ಟಕ್ಕಷ್ಟೇ. ಬಂಡೆಗಳ ನಡುವೆ ಬಿಳಿ ಎಳೆಗಳು ಇಳಿಯುತ್ತಿದ್ದವು. ಕೋತಿಯೊಂದು ಕಂಬಿಯ ಮೇಲೆ ಕೂತು ಇವರನ್ನೇ ನೋಡುತ್ತಿತ್ತು. ಬೆಟ್ಟಮ್ಮನವರು ಮಗನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು.

“ಇದೇ ಏನ್ಲಾ ಸಮುದ್ರ?”

ಜವರಯ್ಯನವರಿಗೆ ಆಕೆಯ ಮುಖ ನೋಡುವುದಾಗಲಿಲ್ಲ. “ಊಂ ಕಣವ್ವ.”

“ನನ್ನ ಮದ್ವೆ ಆದ ವರ್ಸ ನಿಮ್ಮಪ್ಪ ಇಲ್ಲಿಗೆ ಕರ್ಕಂಡು ಬಂದಿದ್ರು,” ಎಂದರು ಬೆಟ್ಟಮ್ಮನವರು. “ಆವಾಗ ಇದು ಸಮುದ್ರ ಆಗಿರ್ನಿಲ್ಲ.”

“ಆವಾಗಿನ್ನೂ ಆದೇಸ ಆಗಿರ್ನಿಲ್ಲ ಕಣವ್ವ.”

ಬೆಟ್ಟಮ್ಮನವರು ತಲೆಯಾಡಿಸಿದರು. ಬಾಟಲಿಯಲ್ಲಿ ಒಂದಿಷ್ಟು ನೀರು ತುಂಬಿಸಿಕೊಡು ಎಂದು ರಘುನಂದನನಿಗೆ ಹೇಳಿದರು. ಅವನು ಹತ್ತಿರದ ನಲ್ಲಿಯಲ್ಲಿ ತುಂಬಿಸಿಕೊಟ್ಟ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಕುಡಿದು, “ಆಯ್ತು ಬುಡು, ಮನೆಗೆ ಓಗಾಣ,” ಎಂದರು.

ಈಗ ಬೀದಿಯ ಹೆಂಗಸರು ಕೇಳಿದರೆ, ಸಮುದ್ರ ಮೇಲಿನಿಂದ ಬೀಳುತ್ತದೆ, ಕಲ್ಲು ಜಾಸ್ತಿ, ನೀರು ಸಿಹಿಯಾಗಿದೆ ಎಂದು ಆಕೆಯೇ ವಿವರಿಸುತ್ತಾರೆ. ಎದುರು ಮನೆಯ ಪುಟ್ಟಮಾದಯ್ಯನವರು ಹಿಂದೊಮ್ಮೆ ಮಲ್ಪೆಗೆ ಹೋಗಿ ಬಂದವರು. ಅವರು ಜವರಯ್ಯನವರ ಬಳಿ ಬಂದು, ತಾವು ಕಂಡ ಸಮುದ್ರ ಮಟ್ಟಸವಾಗಿತ್ತು, ಉಪ್ಪಗಿತ್ತು, ಆಚೆಯ ದಡವೇ ಕಾಣುತ್ತಿರಲಿಲ್ಲ ಎಂದು ಅನುಮಾನ ವ್ಯಕ್ತಪಡಿಸಿದರು. ಯಾವ ಮಾರ್ಗವಾಗಿ ಹೋಗಿದ್ದಿರಿ ಎಂದು ಜವರಯ್ಯನವರು ವಿಚಾರಿಸಿದರು. ಹಾಸನದ ಮೇಲೆ ಎಂದರು ಅವರು. ಹೊರಡುವ ಮುಂಚೆ ಬಂಧುಗಳಿಂದ ಆಕ್ಷೇಪಣೆ ಆಹ್ವಾನಿಸಲಾಗಿತ್ತೇ ಎಂದು ಕೇಳಿದಾಗ, ಇಲ್ಲ, ಸುಮ್ಮನೆ ಹೊರಟುಬಿಟ್ಟೆವು ಎಂದು ಒಪ್ಪಿಕೊಂಡರು.

“ಅಂಗಾದ್ರೆ ನೀವು ನೋಡಿರೋದು ಏನು ಅಂತ ಯಂಗೇಳದು?” ಎಂದರು ಜವರಯ್ಯನವರು, ಬೇಸರದಿಂದಲೇ.

ಪುಟ್ಟಮಾದಯ್ಯನವರು ಮನೆಗೆ ಹೋಗಿ ಯೋಚಿಸಿದರು. ಅವರ ಹೆಂಡತಿಯೂ ಯೋಚಿಸಿದರು. ಮುಂದಿನ ಚಳಿಗಾಲಕ್ಕೆ ಅವರ ಕುಟುಂಬ ಕ್ರಮಬದ್ಧವಾಗಿ ಸಮುದ್ರಕ್ಕೆ ಹೊರಡಲಿದ್ದು, ಮಾರ್ಗದರ್ಶನಕ್ಕೆ ಜವರಯ್ಯನವರು ಒಪ್ಪಿದ್ದಾರೆ. ಪುಟ್ಟಮಾದಯ್ಯನವರ ಬೀಗರ ಮನೆ ದುದ್ದದಲ್ಲಿರುವುದರಿಂದ, ಮಾರ್ಗಕ್ಕೆ ದುದ್ದವನ್ನೂ ಸೇರಿಸಲಾಗಿದೆ.