ಐದು ಮನೆಗಳ ಸರಾಸರಿ

ಎಡವಟ್ಟೆಲ್ಲ ಶುರುವಾದದ್ದು ಬಾಡಿಗೆ ಕರಾರಿನ ಒಂದು ಸಾಲಿನಿಂದ. 'ಬೀದಿಯ ಬಾಡಿಗೆ ಸೂಚ್ಯಂಕ ಎಷ್ಟು ಏರುತ್ತದೋ ಅಷ್ಟೇ ಈ ಮನೆಯ ಬಾಡಿಗೆಯೂ ಏರತಕ್ಕದ್ದು.' ಇದನ್ನು ಹಟ ಹಿಡಿದು ಬರೆಸಿದವನು ಅಂಕಿಅಂಶ ಇಲಾಖೆಯ ನಮ್ಮ ಗುಮಾಸ್ತನೇ. ತಿಂಗಳಿಗೊಮ್ಮೆ ಬೀದಿಯ ಐದು ಮನೆಗಳ ಬಾಗಿಲು ತಟ್ಟಿ, ಬಾಡಿಗೆ ಎಷ್ಟು, ಕರೆಂಟ್ ಬಿಲ್ ಎಷ್ಟು, ಗ್ಯಾಸ್ ಎಷ್ಟು ದಿನ ಬಂತು ಎಂದು ಕೇಳಿ ಆ ಸೂಚ್ಯಂಕ ಕಟ್ಟುವವನೂ ಅವನೇ. ಇದಕ್ಕಿಂತ ನ್ಯಾಯವಾದ ಅಳತೆ ಉಂಟೇ ಎಂದು ಎದೆಯುಬ್ಬಿಸಿ ಸಹಿ ಹಾಕಿದ್ದ.

ಇವತ್ತಿಗೆ ಆ ಕರಾರಿಗೆ ವರ್ಷ ತುಂಬಿತ್ತು. ಐನೂರು ಏರಿದರೂ ಮಗಳ ಸ್ಕೂಲ್ ವ್ಯಾನ್ ಬಿಡಿಸಬೇಕಿತ್ತು.

"ಒಂಚೂರು ಕಡಿಮೆ ಬರ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಕಣೇ. ಅದೇ ನಿಯಮ."

ಸಾಲದ್ದಕ್ಕೆ ಅವತ್ತೇ ಹೊಸ ಮೇಲಧಿಕಾರಿ ತಪಾಸಣೆಗೆಂದು ಜೊತೆಗೆ ಹೊರಟರು.

ಮೊದಲನೆಯದು ಟೈಲರಮ್ಮನ ಮನೆ. "ಬಾಡಿಗೆ ಇರ್ಲಿ, ಈ ಬಿಲ್ ನೋಡಿ! ಕರೆಂಟ್ ಹೋದ ದಿನಕ್ಕೂ ದುಡ್ಡು ಕೇಳ್ತಾರಲ್ಲ, ಅದನ್ನ ಬರೆಯೋಕೆ ನಿಮ್ಮ ಫಾರ್ಮಲ್ಲಿ ಜಾಗ ಇದೆಯಾ?"

ಇರಲಿಲ್ಲ. ಬೇರೆಯವರ ಬಿಲ್ಲನ್ನಾದರೂ ನೋಡೋಣವೆಂದು ಟೈಲರಮ್ಮ ಹಿಂದೆಯೇ ಬಂದಳು. ಎರಡನೆಯ ಮನೆಯಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು. "ಐದೇ ಮನೆ ಕೇಳಿ ಇಡೀ ಬೀದಿ ಲೆಕ್ಕ ಹೇಳ್ತೀರಾ? ನನ್ನ ಕ್ಲಾಸಲ್ಲಿ ಹೀಗೆ ಮಾಡಿದ್ರೆ ಬೆಂಚ್ ಹತ್ತಿಸ್ತಿದ್ದೆ!" ಎಂದು ಪೆನ್ಸಿಲ್ ಹಿಡಿದು ಅವರೂ ಹೊರಟರು. ಮೂರನೆಯ ಮನೆಯ ಹತ್ತಿರ ಗುಮಾಸ್ತನ ಮನೆ ಮಾಲೀಕರೇ ಸೇರಿಕೊಂಡರು. ಗುಮಾಸ್ತನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಪುಣ್ಯಕ್ಕೆ ನಾಲ್ಕು ಮನೆಗಳಲ್ಲೂ ಹೋದ ವರ್ಷದ್ದೇ ಹತ್ತು ಸಾವಿರ. ಹೋದ ವರ್ಷ ಹತ್ತು ಸಾವಿರವೇ ಇದ್ದ ಐದನೆಯ ಮನೆಗೆ ಮಾತ್ರ ಬೀಗ ಬಿದ್ದಿತ್ತು.

"ಬೀಗ ಇದ್ರೆ ಬಲಗಡೆ ಮನೆ ಕೇಳ್ಬೇಕು," ಎಂದರು ಮೇಲಧಿಕಾರಿ.

"ಸಾರ್, ಬಲಗಡೆದು ನಮ್ಮನೆ."

"ನಿಮ್ಮನೆ ಬೇಡ ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಕೇಳೋರೇ ಉತ್ತರ ಹೇಳೋ ಹಾಗಿಲ್ಲ, ಅಷ್ಟೇ. ಮನೆಯವರನ್ನ ಕೇಳಿ."

ಗುಮಾಸ್ತನಿಗೆ ಒಳಗೊಳಗೇ ಖುಷಿ. ಹಳೇ ಬಾಡಿಗೆದಾರನಾದ್ದರಿಂದ ಅವನದು ಎಂಟೇ ಸಾವಿರ. ಸರಾಸರಿ ಇಳಿಯುತ್ತದೆ, ವ್ಯಾನ್ ಉಳಿಯುತ್ತದೆ, ನಿಯಮವೂ ಮುರಿಯುವುದಿಲ್ಲ! ಸ್ವಂತ ಮನೆಯ ಬೆಲ್ಲನ್ನು ಅಷ್ಟು ಉತ್ಸಾಹದಿಂದ ಅವನು ಯಾವತ್ತೂ ಒತ್ತಿರಲಿಲ್ಲ.

ಹೆಂಡತಿ ಬಾಗಿಲು ತೆರೆದಳು. ಗಂಡನನ್ನು ನೋಡಿದಳು, ಅವನ ಹಿಂದೆ ನಿಂತ ಟೈಲರಮ್ಮನನ್ನೂ ನೋಡಿದಳು.

"ಅಮ್ಮಾ, ಬಾಡಿಗೆ ಎಷ್ಟು?" ಎಂದು ಗುಮಾಸ್ತ ಬೇರೆ ಮನೆಗಳಲ್ಲಿ ಕೇಳಿದ ಹಾಗೇ ಕೇಳಿದ.

"ಹದಿನೆಂಟು ಸಾವಿರ."

ಗುಮಾಸ್ತನ ಪೆನ್ನು ನಿಂತಿತು. "ಸರಿಯಾಗಿ ನೆನಪು ಮಾಡ್ಕೊಂಡು..."

"ನೆನಪಿದೆ! ಕರೆಂಟ್ ಬಿಲ್ ನಾಲ್ಕು ಸಾವಿರ. ಬೆಡ್‌ರೂಮಲ್ಲಿ ಎಸಿ ಇದೆಯಲ್ಲ."

"ನಾನು ಹೇಳ್ಲಿಲ್ವಾ ಮೇಷ್ಟ್ರೇ," ಎಂದಳು ಟೈಲರಮ್ಮ, "ಎರಡು ವರ್ಷದಿಂದ ಇವರು ಇದನ್ನೇ ಹೇಳ್ತಿದ್ದಾರೆ."

ಇದ್ದದ್ದು ಒಂದು ಟೇಬಲ್ ಫ್ಯಾನು, ಅದೂ ಒಂದೇ ಕಡೆ ತಿರುಗುವಂಥದ್ದು. ಆದರೆ ಬೀದಿಯವರೆದುರು ಹೆಂಡತಿಯ ಮಾನ ಕಳೆಯುವುದಾದರೂ ಹೇಗೆ? ಗುಮಾಸ್ತ ದಿಕ್ಕುಗಾಣದೆ ಮಾಲೀಕರತ್ತ ನೋಡಿದ. ಅವರ ಮುಖ ಅರಳಿತ್ತು.

"ಅಮ್ಮಾವ್ರೇ ಹೇಳಿದ್ಮೇಲೆ ಮುಗೀತು. ಸಾಕ್ಷಿ ಸಹಿ ಎಲ್ಲಿ ಹಾಕ್ಲಿ?"

"ಬರ್ಕೊಳ್ರೀ," ಎಂದರು ಮೇಲಧಿಕಾರಿ. "ಎಸಿ ಇರೋ ಮನೆ ನಮಗೆ ಇದೊಂದೇ ಸಿಕ್ಕಿರೋದು. ಮುಂದಿನ ತಿಂಗಳು ನಾನೇ ಬಂದು ಮೀಟರ್ ನೋಡ್ತೀನಿ."

ಮೇಷ್ಟ್ರು ಅಲ್ಲೇ ಭಾಗಾಕಾರ ಮುಗಿಸಿದರು. "ಹೋದ ವರ್ಷ ಸರಾಸರಿ ಹತ್ತು ಸಾವಿರ, ಈಗ ಹನ್ನೊಂದು ಸಾವಿರದ ಆರುನೂರು. ನೂರಕ್ಕೆ ಹದಿನಾರು ಏರಿಕೆ. ಲೆಕ್ಕ ಸರಿಯಾಗಿದೆ."

ಸಂಜೆ ಮಾಲೀಕರು ಕರಾರು ಹಿಡಿದು ಬಂದು, "ನಾನಲ್ಲಪ್ಪ, ನಿಮ್ಮ ಸೂಚ್ಯಂಕ" ಎಂದು ಹೇಳಿ ಹೋದರು. ಹೆಂಡತಿ ಕಾಗದವನ್ನು ಎರಡು ಸಲ ಓದಿ ಕೆಂಡವಾದಳು.

"ಒಂಬತ್ತು ಸಾವಿರದ ಇನ್ನೂರ ಎಂಬತ್ತಾ! ವ್ಯಾನಿಗೆ ಎಲ್ಲಿಂದ ತರೋದು? ಯಾರ್ರೀ ಹೀಗೆ ಬಾಯಿಗೆ ಬಂದ ಹಾಗೆ ಬಾಡಿಗೆ ಏರಿಸೋರು?"

ಗುಮಾಸ್ತ ಅವಳ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿದ. ಹೆಂಡತಿ ಕಿಟಕಿ ಎಳೆದುಕೊಂಡು ದನಿ ತಗ್ಗಿಸಿದಳು.

"ಅದಿರ್ಲಿ, ಎಸಿ ಯಾವತ್ತು ತರ್ತೀರಿ? ಮುಂದಿನ ತಿಂಗಳು ಮೀಟರ್ ನೋಡೋಕೆ ಬರ್ತಾರಲ್ಲ!"