ಟ್ರೆಡ್‌ಮಿಲ್ಲಿನ ಬೋಲ್ಟು

ಐವತ್ಮೂರು ವರ್ಷ ಆಸ್ಪತ್ರೆಯ ಮೆಟ್ಟಿಲು ಹತ್ತದ ಮಹಾಪುರುಷ ನಾನು! ಒಮ್ಮೆಯೂ ಹತ್ತಿಲ್ಲವೆಂದರೆ ಸುಳ್ಳಾದೀತು. ಅಲ್ಲಿಯ ಲಿಫ್ಟ್ ಕೆಟ್ಟು ನಿಂತಾಗ ಹತ್ತಿದ್ದೇನೆ, ಅದೂ ರಿಪೇರಿ ಮಾಡುವುದಕ್ಕೆ. ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೊಂಬತ್ತು ವರ್ಷದ ಸರ್ವೀಸು. ಲಿಫ್ಟಿನೊಳಗೆ ನಿಂತು ಎರಡು ಮಹಡಿ ಏರುವಷ್ಟರಲ್ಲಿ ಯಾವ ಬೇರಿಂಗ್ ಗೊಣಗುತ್ತಿದೆ, ಯಾವ ಬಾಗಿಲಿನ ರೋಲರ್ ಸವೆದಿದೆ ಎಂದು ಬರೀ ಕಿವಿಯಿಂದ ಹೇಳಬಲ್ಲೆ. ಇಂಥ ಕಿವಿ ಇರುವವನಿಗೆ ತನ್ನ ದೇಹದ ಸದ್ದು ಕೇಳಿಸದೇ? ಒಳಗೆ ಏನಾದರೂ ಕೆಟ್ಟರೆ ಅದು ಮೊದಲು ನನ್ನ ಹತ್ತಿರವೇ ಬಂದು ದೂರು ಕೊಡುತ್ತದೆ ಎಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ.

ನನ್ನ ಹೆಂಡತಿ ಇದನ್ನು ನಂಬಲಿಲ್ಲ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುವವಳು. ಪರದೆ, ದಿಂಬಿನ ಚೀಲ, ಶಾಲೆ ಮಕ್ಕಳ ಯೂನಿಫಾರಂ. ಆರು ವರ್ಷದ ಹಿಂದೆ ಅವಳ ಅಣ್ಣ ತೀರಿಕೊಂಡರು. ಬಸ್ ಓಡಿಸುತ್ತಿದ್ದ ಗಟ್ಟಿಮುಟ್ಟಾದ ಆಳು, ವಯಸ್ಸು ಐವತ್ತೊಂದು. ಒಂದು ಬೆಳಗ್ಗೆ ಅರ್ಧ ಮುಖ ಶೇವ್ ಮಾಡಿಕೊಂಡವರು ಕನ್ನಡಿಯ ಮುಂದೆಯೇ ಕುಸಿದರು, ಮತ್ತೆ ಏಳಲಿಲ್ಲ. ಆವತ್ತಿನಿಂದ ನಾನು ಶೇವ್ ಮಾಡಲು ನಿಂತರೆ ಸಾಕು, ಹೊಲಿಗೆ ಮಿಷನ್ನಿನ ಸದ್ದು ನಿಂತುಬಿಡುತ್ತದೆ. ನಾನು ರೇಜರ್ ತೊಳೆದಿಟ್ಟ ಮೇಲೆ ಮತ್ತೆ ಶುರುವಾಗುತ್ತದೆ. ಅವಳು ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳುತ್ತಿದ್ದುದು ಇಷ್ಟೇ, ಒಂದು ಸಲ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಿ ಎಂದು.

ನಾನು ಆರು ವರ್ಷ ಆರು ನೂರು ನೆಪ ಹೇಳಿ ಜಾರಿಕೊಂಡೆ. ಕೊನೆಗೆ ಒಂದು ಭಾನುವಾರ ಸಿಕ್ಕಿಬಿದ್ದೆ. ಯಾವುದೋ ಕಟ್ಟಡದ ಮಾಲೀಕರಿಗೆ ಫೋನಿನಲ್ಲಿ ಅರ್ಧ ಗಂಟೆ ಉಪನ್ಯಾಸ ಕೊಟ್ಟು ಕೆಳಗಿಟ್ಟಿದ್ದೆ. ಅವಳು ಕುತ್ತಿಗೆಗೆ ಅಳತೆ ಟೇಪ್ ನೇತುಹಾಕಿಕೊಂಡು ಎದುರಿಗೆ ಬಂದು ನಿಂತಳು.

"ಈಗ ಅವರಿಗೆ ಏನಂದ್ರಿ?"

"ಕೆಟ್ಟ ಮೇಲೆ ಕರೆದರೆ ನಾನೇನ್ರೀ ಮಾಡ್ಲಿ, ಓಡ್ತಿರೋವಾಗಲೇ ತೋರಿಸಿ ಅಂದೆ."

"ಆರು ವರ್ಷದಿಂದ ನಾನೂ ಅದನ್ನೇ ಹೇಳ್ತಿರೋದು."

ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಂತಾಯಿತು. ಆದರೆ ಸೋಲೊಪ್ಪುವ ಜಾತಕ ನನ್ನದಲ್ಲ. ಅಲ್ಲೇ ಎದ್ದು ನಿಂತು ಶಪಥ ಮಾಡಿದೆ. ಹೋಗುತ್ತೇನೆ, ಇರುವ ಎಲ್ಲ ಪರೀಕ್ಷೆ ಮಾಡಿಸುತ್ತೇನೆ, ಎಲ್ಲದರಲ್ಲೂ ಮೊದಲ ದರ್ಜೆಯಲ್ಲಿ ಪಾಸಾಗುತ್ತೇನೆ, ಆ ರಿಪೋರ್ಟಿಗೆ ಗಾಜು ಹಾಕಿಸಿ ಹಾಲಿನಲ್ಲಿ ನೇತುಹಾಕುತ್ತೇನೆ, ಆಮೇಲೆ ಈ ಮನೆಯಲ್ಲಿ ಯಾರೂ ತಪಾಸಣೆ ಎಂಬ ಪದ ಎತ್ತಕೂಡದು! ಮಾತಿನ ಭರದಲ್ಲಿ, ಹೇಗೂ ಹೋಗುತ್ತೇವಲ್ಲ, ನೀನೂ ಮಾಡಿಸಿಕೋ ಎಂದೆ. ತನಗೇನೂ ಆಗಿಲ್ಲ, ಮೇಲಾಗಿ ಹದಿನೈದು ಜೊತೆ ಯೂನಿಫಾರಂ ಬಾಕಿ ಇದೆ ಎಂದಳು. ನಾನು ಎರಡನೇ ಸಲ ಕೇಳಲಿಲ್ಲ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ತಪಾಸಣೆಗೆ ಹತ್ತು ದಿನ ಇತ್ತು. ಲಿಫ್ಟ್ ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ಕಟ್ಟಡದ ಮಾಲೀಕರು ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಿಲ್ಲವೇ? ವರ್ಷವಿಡೀ ಮುಟ್ಟದ ಲಿಫ್ಟಿಗೆ ಹಿಂದಿನ ವಾರ ಎಣ್ಣೆ ಹಾಕಿ, ಕನ್ನಡಿ ಒರೆಸಿ, ಮದುಮಗಳ ಹಾಗೆ ನಿಲ್ಲಿಸುತ್ತಾರೆ. ನಾನೂ ಅದೇ ಮಾಡಿದೆ. ಕರಿದದ್ದು ಬಿಟ್ಟೆ, ಸಕ್ಕರೆ ಬಿಟ್ಟೆ. ನಾನೇ ನೋಡಿಕೊಳ್ಳುವ ಲಿಫ್ಟುಗಳ ಪಕ್ಕದಲ್ಲೇ ಮೆಟ್ಟಿಲು ಹತ್ತಿದೆ. ಲಿಫ್ಟ್ ಮೆಕ್ಯಾನಿಕ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವುದನ್ನು ನೋಡಿದ ಒಂದು ಕಟ್ಟಡದವರಂತೂ ಹೆದರಿ, ಎರಡು ದಿನ ಲಿಫ್ಟನ್ನೇ ಬಳಸಲಿಲ್ಲವಂತೆ.

ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ ಮೂರು ಸೀಸೆ ರಕ್ತವನ್ನು ದಾನಶೂರನ ಹಾಗೆ ಕೊಟ್ಟೆ. ಬಿಪಿ ನೂರಿಪ್ಪತ್ತಾರು, ಎಂಬತ್ತು ಎಂದು ನರ್ಸ್ ಹೇಳಿದಾಗ ಬಾಗಿಲ ಸಂದಿಯಿಂದ ಹೆಂಡತಿಗೆ ಹೆಬ್ಬೆರಳು ತೋರಿಸಿದೆ. ಅವಳು ಹೊರಗಿನ ಬೆಂಚಿನಲ್ಲಿ ಯಾವುದೋ ಮಗುವಿನ ಅಂಗಿಗೆ ಗುಂಡಿ ಹಾಕುತ್ತಾ ಕುಳಿತಿದ್ದಳು.

ಕೊನೆಗೆ ಬಂತು ಟ್ರೆಡ್‌ಮಿಲ್. ಎದೆಗೆ ಹತ್ತು ತಂತಿ ಅಂಟಿಸಿ, ಓಡುವ ಪಟ್ಟಿಯ ಮೇಲೆ ನಡೆಸಿ, ಹೃದಯ ಹೇಗೆ ತಾಳಿಕೊಳ್ಳುತ್ತದೆಂದು ಪರದೆಯಲ್ಲಿ ನೋಡುವ ಪರೀಕ್ಷೆ. ಹತ್ತಿದ ಎರಡನೇ ನಿಮಿಷಕ್ಕೆ ಕಾಲ ಕೆಳಗಿನಿಂದ ಕೇಳಿಸಿತು, ಕಿರ್ರ್... ಟಕ್. ಕಿರ್ರ್... ಟಕ್. ಪಟ್ಟಿ ಬಲಕ್ಕೆ ವಾಲಿದೆ, ಹಿಂದಿನ ರೋಲರಿನ ಬೋಲ್ಟು ಸಡಿಲವಾಗಿದೆ! ಟೆಕ್ನಿಷಿಯನ್ ಮೇಡಂಗೆ ಹೇಳಿದೆ. ಮುಂದೆ ನೋಡಿಕೊಂಡು ನಡೆಯಿರಿ ಎಂದರು. ನಡೆದೆ. ಒಂಬತ್ತು ನಿಮಿಷ ನಡೆದೆ. ಮೇಡಂ ಮೆಚ್ಚಿಕೊಂಡು, ಐದು ನಿಮಿಷ ಕುರ್ಚಿಯಲ್ಲಿ ಅಲ್ಲಾಡದೆ ಕೂತಿರಿ, ಪ್ರಿಂಟರಿಗೆ ಪೇಪರ್ ತರುತ್ತೇನೆ ಎಂದು ಪಕ್ಕದ ಕೋಣೆಗೆ ಹೋದರು.

ಸಡಿಲ ಬೋಲ್ಟಿನ ಎದುರಿಗೆ ಅಲ್ಲಾಡದೆ ಕೂರುವುದೆಂದರೇನು! ನನ್ನ ಬೀಗದ ಕೈ ಗೊಂಚಲಿನಲ್ಲಿ ಬೋಲ್ಟು ಬಿಗಿಯುವ ಅಲೆನ್ ಕೀ ಸದಾ ಇರುತ್ತದೆ. ಎರಡು ಸುತ್ತು ತಿರುಗಿಸಿದರೆ ಮುಗಿಯಿತು. ತಂತಿಗಳನ್ನು ಎಳೆದುಕೊಂಡು ನೆಲಕ್ಕಿಳಿದೆ, ಬೋರಲು ಮಲಗಿ, ಮಿಷನ್ನಿನ ಹಿಂಭಾಗಕ್ಕೆ ತಲೆ ತೂರಿಸಿದೆ. ಎದೆಯಿಂದ ಪಟ್ ಪಟ್ ಎಂದು ತಂತಿಗಳು ಕಿತ್ತುಬಂದದ್ದು ಗೊತ್ತಾಯಿತು. ಕೆಲಸದ ಗುಂಗಿನಲ್ಲಿ ಅದನ್ನೆಲ್ಲ ಯಾರು ಲೆಕ್ಕಕ್ಕಿಡುತ್ತಾರೆ?

ಪೇಪರ್ ಹಿಡಿದು ಬಂದ ಮೇಡಂಗೆ ಕಂಡದ್ದು ಇಷ್ಟು. ಪರದೆಯ ಮೇಲೆ ನೇರವಾದ ಗೆರೆ. ಕೀಂ ಎಂಬ ಸದ್ದು. ನೆಲದ ಮೇಲೆ ಬೋರಲು ಬಿದ್ದ ಒಬ್ಬ ಮನುಷ್ಯ. ಅವರು ಗೋಡೆಯ ಕೆಂಪು ಗುಂಡಿ ಒತ್ತಿಯೇಬಿಟ್ಟರು. ನಾಲ್ಕು ಜನ ತಳ್ಳುಗಾಡಿ ದೂಡಿಕೊಂಡು ನುಗ್ಗಿದರು. ಇಬ್ಬರು ನನ್ನ ಕಾಲು ಹಿಡಿದು ಹೊರಗೆಳೆದರು, ಇನ್ನೊಬ್ಬರು ಅಂಗಾತ ಹೊರಳಿಸಿ ಎದೆಯ ಮೇಲೆ ಅಂಗೈ ಊರಿದರು. ಬಲಗಡೆ ಬೋಲ್ಟು ಸಡಿಲವಾಗಿದೆ ಎಂದು ಕಿರುಚಿದೆ. ಪ್ರಜ್ಞೆ ಇದೆ, ಆದರೆ ಏನೇನೋ ಬಡಬಡಿಸುತ್ತಿದ್ದಾರೆ ಎಂದು ಒಬ್ಬರು ವರದಿ ಒಪ್ಪಿಸಿದರು.

ಡಾಕ್ಟರಮ್ಮ ಬಂದರು. ನಡು ವಯಸ್ಸಿನ, ಮೆತ್ತಗಿನ ದನಿಯವರು. ನನ್ನ ಎದೆ ಪರೀಕ್ಷಿಸಿದರು, ಕೈಯಲ್ಲಿದ್ದ ಅಲೆನ್ ಕೀ ನೋಡಿದರು, ಬೋಲ್ಟಿನ ಕಡೆ ನೋಡಿದರು. ಎಲ್ಲ ಅರ್ಥವಾಯಿತು.

"ಮನೇಲೂ ಹೀಗೇನಾ?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಯಾವಾಗಲೂ ನನ್ನ ಹೆಂಡತಿ. ಬಾಗಿಲ ಕಡೆ ನೋಡಿದೆ. ಇಷ್ಟು ಗದ್ದಲವಾದರೂ ಅವಳು ಬಂದಿರಲಿಲ್ಲ.

ಹೊರಗೆ ಓಡಿದೆ. ತಳ್ಳುಗಾಡಿ ನನ್ನ ಕೋಣೆಗೆ ನುಗ್ಗಿದ್ದನ್ನು ನೋಡಿ ಅವಳು ಎದ್ದು ನಿಂತಳಂತೆ, ನಿಂತವಳು ಹಾಗೇ ಗೋಡೆ ಹಿಡಿದು ಕುಸಿದು ಕುಳಿತಳಂತೆ. ಹಿರಿಯ ನರ್ಸ್ ಒಬ್ಬರು ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದರು. ಮುಖ ಬಿಳುಚಿಕೊಂಡಿತ್ತು. ಬರೀ ಮೈಯಲ್ಲಿ, ಎದೆಗೆ ಎರಡು ತಂತಿ ನೇತಾಡಿಸಿಕೊಂಡು ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬದುಕಿದ್ದೀರಾ?"

"ಬದುಕಿದ್ದೀನಿ ಕಣೇ."

"ಹಾಗಾದ್ರೆ ಆ ಕೀ ಒಳಗಿಡಿ ಮೊದಲು."

ನಗಬೇಕೆನ್ನುವಷ್ಟರಲ್ಲಿ ನರ್ಸಿನ ಮುಖ ನೋಡಿದೆ. ಅವರು ಒಮ್ಮೆ ಅಳೆದರು. ಇನ್ನೊಂದು ತೋಳಿಗೆ ಸುತ್ತಿ ಮತ್ತೊಮ್ಮೆ ಅಳೆದರು. ಚೀಟಿಯಲ್ಲಿ ಬರೆದು ಡಾಕ್ಟರಮ್ಮನಿಗೆ ಕೊಟ್ಟರು. ನೂರ ತೊಂಬತ್ತಾರು, ನೂರ ಹದಿನಾಲ್ಕು.

ಗಾಬರಿಯಿಂದ ಏರಿರಬಹುದು ಎಂದು ಒಂದು ಗಂಟೆ ಕೂರಿಸಿದರು. ಆಗಲೂ ನೂರ ಎಂಬತ್ತರ ಮೇಲೆಯೇ ಇತ್ತು. ಅವತ್ತೇ ಮಾತ್ರೆ ಶುರು ಮಾಡುವ ಮುಂಚೆ ಡಾಕ್ಟರಮ್ಮ ಕೇಳುತ್ತಾ ಹೋದರು. ತಲೆನೋವು ಇದೆಯೇ? ಇಲ್ಲ. ಸುಸ್ತು? ಇಲ್ಲ. ಎದೆ ಹಿಡಿದ ಹಾಗೆ? ಇಲ್ಲವೇ ಇಲ್ಲ, ದಿನಕ್ಕೆ ಎಂಟು ಗಂಟೆ ಮಿಷನ್ ತುಳಿಯುತ್ತೇನೆ ಎಂದಳು. ಮೊದಲು ಯಾವಾಗ ಬಿಪಿ ನೋಡಿಸಿದ್ದಿರಿ? ನೆನಪಿಲ್ಲ. ಒಡಹುಟ್ಟಿದವರಲ್ಲಿ ಯಾರಿಗಾದರೂ ಇತ್ತೇ?

"ಅಣ್ಣ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆರು ವರ್ಷ! ಅಣ್ಣ ಹೋದರೆಂದು ಗಂಡನಿಗಾಗಿ ಹೆದರಿದಳು. ಅಣ್ಣ ಅವಳಿಗೆ ತಾನೇ ಅಣ್ಣ, ರಕ್ತ ಅವಳದು ತಾನೇ? ನಾನು ಯಾವ ಸಂಬಂಧದಿಂದ ಆ ಕನ್ನಡಿಯ ಮುಂದೆ ಬೀಳುವವನು? ಇಷ್ಟು ಸಣ್ಣ ವಿಷಯ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನನ್ನ ಬುದ್ಧಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಎರಡು ದಿನ ಬಿಟ್ಟು ಅವಳಿಗೆ ಎಕೋ ಪರೀಕ್ಷೆ. ಹೃದಯವನ್ನು ಹೊರಗಿನಿಂದಲೇ ಪರದೆಯಲ್ಲಿ ತೋರಿಸುವಂಥದ್ದು. ಯಾವುದನ್ನೂ ಮುಟ್ಟುವುದಿಲ್ಲ ಎಂದು ಭಾಷೆ ಕೊಟ್ಟು, ಬೀಗದ ಕೈ ಗೊಂಚಲನ್ನು ನರ್ಸಿನ ಕೈಗೊಪ್ಪಿಸಿ ಒಳಗೆ ಹೋದೆ. ದೀಪ ಮಂಕು ಮಾಡಿದ ಸಣ್ಣ ಕೋಣೆ. ಅವಳು ಎಡಕ್ಕೆ ಹೊರಳಿ ಮಲಗಿದ್ದಳು. ಡಾಕ್ಟರಮ್ಮ ಪಕ್ಕೆಲುಬಿನ ಮೇಲೆ ಉಪಕರಣವಿಟ್ಟರು, ಪರದೆ ಬೂದು ಬೂದಾಗಿ ಅಲುಗಿತು.

ಕಂಡಿತು. ಎರಡು ಪುಟ್ಟ ಬಾಗಿಲುಗಳು. ತೆರೆದುಕೊಳ್ಳುತ್ತಿವೆ, ಮುಚ್ಚಿಕೊಳ್ಳುತ್ತಿವೆ. ತೆರೆದುಕೊಳ್ಳುತ್ತಿವೆ, ಮುಚ್ಚಿಕೊಳ್ಳುತ್ತಿವೆ. ಜನ್ಮವಿಡೀ ಬಾಗಿಲು ತೆರೆಯುವುದನ್ನೂ ಮುಚ್ಚುವುದನ್ನೂ ಕಾಯ್ದವನು ನಾನು. ನಮ್ಮ ಬಾಗಿಲುಗಳು ವರ್ಷಕ್ಕೆ ಒಮ್ಮೆಯಾದರೂ ಸಿಕ್ಕಿಹಾಕಿಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಎಣ್ಣೆ ಬೇಕು, ರೋಲರ್ ಬದಲಿಸಬೇಕು. ಇವು ದಿನಕ್ಕೆ ಎಷ್ಟು ಸಲ ತೆರೆಯುತ್ತವೆ ಎಂದು ಕೇಳಿದೆ. ಸುಮಾರು ಒಂದು ಲಕ್ಷ ಸಲ ಎಂದರು. ಅವಳಿಗೆ ನಲವತ್ತೊಂಬತ್ತು. ಮನಸ್ಸಿನಲ್ಲೇ ಗುಣಿಸಿದೆ, ತಪ್ಪಿತೆಂದು ಮತ್ತೆ ಗುಣಿಸಿದೆ. ನೂರೆಂಬತ್ತು ಕೋಟಿ ಸಲ! ಅವಳು ಹೊಲಿಯುವಾಗ, ನಿದ್ದೆ ಮಾಡುವಾಗ, ನಾನು ಶೇವ್ ಮಾಡುವುದನ್ನು ಕಾಯುತ್ತಾ ಮಿಷನ್ ನಿಲ್ಲಿಸಿ ಕುಳಿತಾಗ, ಒಂದು ಹನಿ ಎಣ್ಣೆ ಕೇಳದೆ, ಒಂದು ದಿನ ರಜೆ ಕೇಳದೆ. ನನಗೆ ಮೈ ನವಿರೆದ್ದಿತು. ಅಲ್ಲೇ ಕೈ ಮುಗಿಯಬೇಕು ಅನ್ನಿಸಿತು.

ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. "ಈ ಗೋಡೆ ನೋಡಿ, ಸ್ವಲ್ಪ ದಪ್ಪ ಆಗಿದೆ. ಒತ್ತಡದ ವಿರುದ್ಧ ವರ್ಷಗಟ್ಟಲೆ ದುಡಿದಿದೆ. ಇನ್ನೂ ಸೋತಿಲ್ಲ. ಮಾತ್ರೆ ತಗೊಂಡು, ಉಪ್ಪು ಕಡಿಮೆ ಮಾಡಿ, ನಡೆದಾಡಿದರೆ ಸರಿಹೋಗುತ್ತೆ. ಈಗ ಗೊತ್ತಾಗಿದ್ದು ಒಳ್ಳೇದಾಯ್ತು."

ಅತಿಭಾರ ಹೊತ್ತ ಲಿಫ್ಟು ಗಂಟೆ ಬಾರಿಸಿ ನಿಂತುಬಿಡುತ್ತದೆ. ಇದು ಒಂದು ಸದ್ದೂ ಮಾಡದೆ ಎಳೆಯುತ್ತಲೇ ಇತ್ತು, ನಾನು ಒಂದು ಕೈಯಳತೆ ದೂರದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದೆ. ಇಪ್ಪತ್ತೊಂಬತ್ತು ವರ್ಷದ ಅನುಭವದ ಕಿವಿ! ಆ ಕತ್ತಲಲ್ಲಿ ನನ್ನ ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಲಿಲ್ಲವೆಂದುಕೊಂಡೆ. ಅವಳು ತಿರುಗದೆಯೇ ಕೈ ಚಾಚಿ ಕರವಸ್ತ್ರ ಕೊಟ್ಟಳು.

ನನ್ನ ರಿಪೋರ್ಟೂ ಬಂತು. ಎಲ್ಲವೂ ಸರಿಯಾಗಿತ್ತು, ಮೊದಲ ದರ್ಜೆ. ಗಾಜು ಹಾಕಿಸುವ ಉಮೇದು ಬರಲಿಲ್ಲ, ಬೀರುವಿನಲ್ಲಿ ಬಟ್ಟೆಯ ಕೆಳಗೆ ತಳ್ಳಿದೆ.

ಡಾಕ್ಟರಮ್ಮ ಮನೆಯಲ್ಲೇ ಬಿಪಿ ಅಳೆಯುವ ಮಿಷನ್ ಇಟ್ಟುಕೊಳ್ಳಲು ಹೇಳಿದರು. ಗುಂಡಿ ಒತ್ತಿದರೆ ತಾನೇ ಅಳೆಯುತ್ತದೆ. ಮಿಷನ್ ಎಂದ ಮೇಲೆ ಅಧಿಕಾರ ಯಾರದು? ದಪ್ಪ ರಟ್ಟಿನ ಪುಸ್ತಕ ತಂದು ಗೆರೆ ಎಳೆದೆ. ದಿನವೂ ಬೆಳಗ್ಗೆ ಏಳಕ್ಕೆ ಅವಳ ಪಕ್ಕ ನಿಂತು, ಬೆನ್ನು ನೆಟ್ಟಗೆ, ಕಾಲು ನೆಲಕ್ಕೆ, ಮಾತು ಬೇಡ, ಉಸಿರು ನಿಧಾನ, ಅಲುಗಬೇಡ ಎಂದು ನಿರ್ದೇಶನ ಕೊಟ್ಟೆ. ಅಂಕಿ ಮೂಡುವ ಮುಂಚೆಯೇ ಪರದೆಗೆ ಮೂಗು ತಾಗಿಸುತ್ತಿದ್ದೆ. ನಾನು ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನದ ಅಳತೆಯನ್ನು ಅವಳೇ ತೆಗೆದು ಬರೆಯುತ್ತಿದ್ದಳು.

ತಿಂಗಳಾದ ಮೇಲೆ ಪುಸ್ತಕವನ್ನು ಹೆಮ್ಮೆಯಿಂದ ಡಾಕ್ಟರಮ್ಮನ ಮುಂದಿಟ್ಟೆ. ಅವರು ಪುಟ ತಿರುವಿದರು, ಹುಬ್ಬುಗಂಟಿಕ್ಕಿದರು. ಮಧ್ಯಾಹ್ನದ ಅಂಕಿಗಳೆಲ್ಲ ನೂರಿಪ್ಪತ್ತೆಂಟು, ನೂರಿಪ್ಪತ್ತಾರು. ಬೆಳಗಿನವೆಲ್ಲ ನೂರೈವತ್ತರ ಮೇಲೆ. ಬೆಳಗ್ಗೆ ಅಳೆಯುವಾಗ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳಿದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಡಾಕ್ಟರಮ್ಮ ಚೀಟಿ ತೆಗೆದು, ಮಾತ್ರೆಯ ಹೆಸರಿನ ಕೆಳಗೆ ಒಂದು ಸಾಲು ಬರೆದರು. ಅಳೆಯುವಾಗ ಪತಿ ಕೋಣೆಯ ಹೊರಗಿರತಕ್ಕದ್ದು.

ಮರುದಿನ ಬೆಳಗ್ಗೆ ಏಳಕ್ಕೆ ನಾನು ಹೊರಗೆ, ಮುಚ್ಚಿದ ಬಾಗಿಲಿನ ಈಚೆ, ಉಸಿರು ಬಿಗಿಹಿಡಿದು ನಿಂತಿದ್ದೆ. ಒಳಗೆ ಮಿಷನ್ ಗುಂಯ್ ಎಂದಿತು, ನಿಂತಿತು. ಎಷ್ಟು ಎಂದು ಕೇಳಲೂ ಭಯ.

"ನೂರ ಮೂವತ್ತೆರಡು," ಎಂದಳು ಒಳಗಿನಿಂದ. ದನಿಯಲ್ಲಿ ನಗು ಇತ್ತು. "ಇನ್ನೊಂದು ಸಲ ನೋಡ್ತೀನಿ. ನೀವು ಸ್ವಲ್ಪ ಕೆಳಗೆ ಬೀದಿವರೆಗೂ ಹೋಗಿ ನಿಂತ್ಕೊಳ್ತೀರಾ?"

ನಾನು ಚಪ್ಪಲಿ ಮೆಟ್ಟಿಕೊಂಡು ಮೂರು ಮಹಡಿ ಇಳಿದು ಹೋಗಿ ನಿಂತೆ. ಐದು ನಿಮಿಷದ ಮೇಲೆ ಕಿಟಕಿ ತೆರೆದು, ಬೀದಿಯವರೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು, "ನೂರಿಪ್ಪತ್ತು!"